ಅಲಗೂ ಬೆರಳೂ: ಅಡಿಗೆಮನೆಯ ಒಂದು ಪುಟ್ಟ ಸಾಧನದ ವಿಚಾರ

ಹಬ್ಬದ ಹಿಂದಿನ ಸಂಜೆ. ಒಲೆಯ ಮೇಲೆ ಎಣ್ಣೆಯ ಬಾಣಲೆ ಏರಿದೆ. ಅಮ್ಮನಿಗೆ ನೆರವಾಗಲೆಂದು ಬಂದ ಮಗ, ಪೇಟೆಯಿಂದ ಹೊಸದಾಗಿ ತಂದ ಸ್ಲೈಸರನ್ನು ಪಾತ್ರೆಯ ಮೇಲಿಟ್ಟು ಆಲೂಗೆಡ್ಡೆಗಳನ್ನು ಸರಸರನೆ ಉಜ್ಜುತ್ತಿದ್ದಾನೆ. ಕಾಗದದಂತೆ ತೆಳುವಾದ ಬಿಲ್ಲೆಗಳು ಒಂದರ ಮೇಲೊಂದು ಬೀಳುತ್ತಿವೆ. ಅಮ್ಮನಿಗೆ ಅರ್ಧ ಗಂಟೆ ಹಿಡಿಯುವ ಕೆಲಸ ಐದು ನಿಮಿಷಗಳಲ್ಲಿ ಮುಗಿಯುತ್ತಿರುವುದನ್ನು ಕಂಡು ಅವನ ಕೈಗೆ ಇನ್ನಷ್ಟು ಹುರುಪು. ಗೆಡ್ಡೆ ಸವೆದು ಸವೆದು ಅಡಿಕೆಯಷ್ಟಾಗಿದೆ.

“ಸಾಕು ಬಿಡೋ ಮಗು. ಆ ಚೂರು ನಾಳೆ ಹುಳಿಗೆ ಆಗುತ್ತೆ” ಎನ್ನುತ್ತಾರೆ ಮೂಲೆಯಲ್ಲಿ ಕುಳಿತ ಅಜ್ಜಿ.

“ಇನ್ನೊಂದೇ ಸಲ ಅಜ್ಜಿ” ಎನ್ನುತ್ತಾನೆ ಮೊಮ್ಮಗ.

ಆ ‘ಇನ್ನೊಂದೇ ಸಲ’ ಮುಗಿಯುವಷ್ಟರಲ್ಲಿ ಪಾತ್ರೆಯ ನೀರು ಕೆಂಪಾಗಿರುತ್ತದೆ. ಹಬ್ಬದ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯುತ್ತದೆ.

ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿ ಇದು. ಸ್ಲೈಸರನ್ನು ದೂರಿ ಪ್ರಯೋಜನವಿಲ್ಲ. ಅದು ಒಳ್ಳೆಯ ಸಾಧನವೇ. ಆದರೆ ಅದರ ಸ್ವಭಾವವನ್ನು ಅರಿಯದೆ ಅದರೊಡನೆ ಸಲಿಗೆ ಬೆಳೆಸುವುದು ಸರಿಯಲ್ಲ. ಅಜ್ಜಿಯ ಆ ಒಂದು ಮಾತಿನಲ್ಲಿ ಈ ಸಾಧನದ ಶಾಸ್ತ್ರವೆಲ್ಲ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಈಳಿಗೆಯ ವಂಶದ್ದು

ಕನ್ನಡಿಗರ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುವ ಹಳೆಯ ಸಾಧನ ಈಳಿಗೆಮಣೆ. ಮರಾಠಿಗರಿಗೆ ಅದು ವಿಳಿ, ತೆಲುಗರಿಗೆ ಕತ್ತಿಪೀಟ, ತಮಿಳರಿಗೆ ಅರುವಾಮಣೈ, ಬಂಗಾಳಿಗಳಿಗೆ ಬೋಂಟಿ. ಹೆಸರು ಬೇರೆಯಾದರೂ ತತ್ತ್ವ ಒಂದೇ: ಅಲಗು ನಿಂತಿರುತ್ತದೆ, ತರಕಾರಿ ಹಿಡಿದ ಕೈ ಅದರ ಕಡೆಗೆ ಚಲಿಸುತ್ತದೆ. ಚಾಕುವಿನ ರೀತಿ ಇದಕ್ಕೆ ತದ್ವಿರುದ್ಧ. ಅಲ್ಲಿ ತರಕಾರಿ ನಿಲ್ಲುತ್ತದೆ, ಅಲಗು ಚಲಿಸುತ್ತದೆ.

ನೆಲದ ಮೇಲೆ ಕುಳಿತು ಅಡಿಗೆ ಮಾಡುತ್ತಿದ್ದ ಕಾಲ ಹೋಗಿ ಪಟ್ಟಣದ ಮನೆಗಳಲ್ಲಿ ನಿಂತು ಬೇಯಿಸುವ ಕಟ್ಟೆ ಬಂದಾಗ ಈಳಿಗೆಮಣೆ ಮೂಲೆ ಸೇರಿತು, ಚಾಕು ಮುಂದೆ ಬಂದಿತು. ಆ ಬಳಿಕ ಬಂದ ಸ್ಲೈಸರು ನೋಡುವುದಕ್ಕೆ ಹೊಸದು. ಇಂಗ್ಲಿಷಿನಲ್ಲಿ ಅದಕ್ಕೆ ಒಂದು ತಂತಿವಾದ್ಯದ ಹೆಸರನ್ನು ಹೋಲುವ ‘ಮ್ಯಾಂಡೊಲಿನ್’ ಎಂಬ ಹೆಸರೂ ಉಂಟು. ಆದರೆ ಗುಣದಿಂದ ನೋಡಿದರೆ ಅದು ಈಳಿಗೆಯ ವಂಶದ್ದೇ. ಇಲ್ಲಿಯೂ ಅಲಗು ಸ್ಥಿರ, ಕೈ ಚರ.

ಹಾಗಾದರೆ ತಲೆತಲಾಂತರದಿಂದ ಈಳಿಗೆಯ ಮುಂದೆ ಕುಳಿತ ಕೈಗಳು ಸ್ಲೈಸರಿನ ಮುಂದೆ ಏಕೆ ತಪ್ಪುತ್ತವೆ? ಈಳಿಗೆಯ ಅಲಗು ಎದೆಯೆತ್ತಿ ನಿಂತಿರುತ್ತದೆ. ಹೆಚ್ಚುವವರ ಕಣ್ಣಿಗೆ ಅದು ಎಡೆಬಿಡದೆ ಕಾಣುತ್ತದೆ, ಕಣ್ಣಿಗೆ ಕಾಣುವ ಅಪಾಯದಿಂದ ಬೆರಳು ತಾನಾಗಿಯೇ ಹಿಂದೆ ಸರಿಯುತ್ತದೆ. ಸ್ಲೈಸರಿನ ಅಲಗಾದರೋ ತರಕಾರಿಯ ಕೆಳಗೆ ಮಲಗಿರುತ್ತದೆ. ಕೈ ಅದರ ಮೇಲೆ ಹಾದುಹೋಗುವ ಕ್ಷಣದಲ್ಲಿಯೇ ಅದು ಕಣ್ಣಿಗೆ ಮರೆ. ಅಲಗಿಗೂ ಬೆರಳಿಗೂ ನಡುವೆ ಇರುವ ಗೋಡೆಯೆಂದರೆ ಆ ತರಕಾರಿಯೊಂದೇ. ಮತ್ತು ಆ ಗೋಡೆ ಪ್ರತಿಯೊಂದು ಉಜ್ಜಿಗೂ ತೆಳುವಾಗುತ್ತ ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. 6 ಸೆಂಟಿಮೀಟರ್ ಉದ್ದದ ಆಲೂಗೆಡ್ಡೆಯನ್ನು 1.5 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆರೆದರೆ 40 ಬಿಲ್ಲೆಗಳಾಗುತ್ತವೆ. ಅಂತಹ 10 ಗೆಡ್ಡೆಗಳನ್ನು ಪೂರ್ತಿಯಾಗಿ ಹೆರೆಯಹೊರಟವರ ಕೈ ಅಲಗಿನ ಮೇಲೆ 400 ಸಲ ಸಾಗುತ್ತದೆ. ಆ 400ರಲ್ಲಿ ಬಹುಪಾಲು ನಿರಪಾಯವಾದವು. ಪ್ರತಿಯೊಂದು ಗೆಡ್ಡೆಯ ಕೊನೆಯ ಹತ್ತು ಹದಿನೈದು ಉಜ್ಜುಗಳೇ ಬೆರಳಿಗೆ ಕುತ್ತು ತರುವಂಥವು. ಅಷ್ಟು ಹೊತ್ತಿಗೆ ಕೈಗೆ ಒಂದು ಲಯ ಕೂಡಿಬಂದಿರುತ್ತದೆ, ಮನಸ್ಸು ಬೇರೆಲ್ಲಿಯೋ ಹೋಗಿರುತ್ತದೆ. ಗೋಡೆ ತೆಳುವಾದಾಗಲೇ ಕಾವಲುಗಾರ ನಿದ್ದೆಹೋದಂತೆ!

ಆದುದರಿಂದ ಮೊದಲನೆಯ ನಿಯಮವೂ ಕೊನೆಯ ನಿಯಮವೂ ಒಂದೇ. ತರಕಾರಿ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು, ಎಂದರೆ ಸುಮಾರು ಒಂದು ಅಂಗುಲ, ಉಳಿದಾಗ ಬರಿಗೈ ಅಲ್ಲಿಗೇ ನಿಲ್ಲಬೇಕು. ಉಳಿದ ಚೂರುಗಳನ್ನು ಎಸೆಯುವ ಪ್ರಮೇಯವಿಲ್ಲ. ಹತ್ತು ಗೆಡ್ಡೆಗಳ ಹತ್ತು ಚೂರುಗಳನ್ನು ಚಾಕುವಿನಿಂದ ಹೆಚ್ಚಿದರೆ ಮರುದಿನದ ಹುಳಿಗೋ ಪಲ್ಯಕ್ಕೋ ಧಾರಾಳವಾಗಿ ಸಾಕು. ಏನನ್ನೂ ಹಾಳುಮಾಡಬಾರದೆಂಬುದು ನಮ್ಮ ಮನೆಗಳ ಒಳ್ಳೆಯ ಗುಣ. ಆದರೆ ಎರಡು ಕಾಸಿನ ಗೆಡ್ಡೆಯನ್ನು ಉಳಿಸಹೋಗಿ ಬೆರಳನ್ನು ತೆರುವುದು ಮಿತವ್ಯಯವಲ್ಲ.

ಹಿಡಿಯುವ ಬಗೆ

ಸ್ಲೈಸರಿನೊಡನೆ ಸಾಮಾನ್ಯವಾಗಿ ಒಂದು ಹಿಡಿಕೆ ಬರುತ್ತದೆ. ಅದರ ಅಡಿಯಲ್ಲಿ ತರಕಾರಿಯನ್ನು ಚುಚ್ಚಿ ಹಿಡಿಯುವ ಸಣ್ಣ ಮುಳ್ಳುಗಳಿರುತ್ತವೆ. ಕೊಂಡು ತಂದ ದಿನ ಎಲ್ಲರೂ ಅದನ್ನು ಕುತೂಹಲದಿಂದ ನೋಡುತ್ತಾರೆ, ವಾರ ಕಳೆಯುವಷ್ಟರಲ್ಲಿ ಅದು ಸೆಳೆಖಾನೆಯ ತಳ ಸೇರಿರುತ್ತದೆ. ಬರಿಗೈಯಲ್ಲಿ ಕೆಲಸ ಬೇಗ ಸಾಗುತ್ತದೆಂಬುದು ನಿಜ. ಆದರೆ ಕೊನೆಯ ಅಂಗುಲದ ಕೆಲಸ ಆ ಹಿಡಿಕೆಗೆ ಮೀಸಲು. ತರಕಾರಿ ಉದ್ದವಾಗಿರುವಾಗ ಬೆರಳುಗಳನ್ನು ಮೇಲಕ್ಕೆತ್ತಿ, ಅಂಗೈಯ ಬುಡದಿಂದ ತಳ್ಳಬೇಕು. ಗಿಡ್ಡವಾದೊಡನೆ ಹಿಡಿಕೆಗೆ ಸಿಕ್ಕಿಸಬೇಕು. ಹಿಡಿಕೆ ಕಳೆದುಹೋಗಿದ್ದರೆ ಅಂಗುಲ ಉಳಿದಾಗ ನಿಲ್ಲಿಸುವುದೇ ದಾರಿ.

ಈಗ ಅಲಗಿಗೆ ಜಗ್ಗದ ಕೈಗವಸುಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಬಲವಾದ ಪಾಲಿಥೀನ್ ನೂಲಿನಿಂದ ಹೆಣೆದ ಇವು ನೋಡುವುದಕ್ಕೆ ಉಣ್ಣೆಯ ಕೈಚೀಲದಂತಿರುತ್ತವೆ. ದೊಡ್ಡ ಪ್ರಮಾಣದಲ್ಲಿ ಹೆಚ್ಚುವವರಿಗೆ ಇವು ಬಹಳ ಉಪಯುಕ್ತ. ಆದರೆ ಅಳತೆ ಕೈಗೆ ಸರಿಯಾಗಿ ಹೊಂದಬೇಕು. ಸಡಿಲವಾದ ಗವಸಿನ ತುದಿ ಅಲಗಿಗೆ ಸಿಕ್ಕಿಕೊಂಡರೆ ಹೊಸದೊಂದು ತೊಂದರೆ.

ಸ್ಲೈಸರು ಅಲುಗಾಡದಂತೆ ನಿಲ್ಲಬೇಕಾದುದೂ ಅಷ್ಟೇ ಮುಖ್ಯ. ಪಾತ್ರೆಯ ಅಂಚಿಗೆ ಸಿಕ್ಕಿಸಲು ಕೆಲವಕ್ಕೆ ಕೊಕ್ಕೆಗಳಿರುತ್ತವೆ. ಅವಿಲ್ಲದಿದ್ದರೆ ಅಡಿಯಲ್ಲಿ ಒದ್ದೆ ಬಟ್ಟೆಯನ್ನು ಹಾಸಿ, ಅದರ ಮೇಲೆ ಓರೆಯಾಗಿ ಊರಿ, ಒಂದು ಕೈಯಿಂದ ಗಟ್ಟಿಯಾಗಿ ಹಿಡಿಯಬೇಕು. ಗಾಳಿಯಲ್ಲಿ ಎತ್ತಿ ಹಿಡಿದು ಉಜ್ಜುವುದು ಕೂಡದು. ಉರುಟಾದ ತರಕಾರಿಯಾದರೆ ಮೊದಲು ಚಾಕುವಿನಿಂದ ಒಂದು ಬದಿಯನ್ನು ಸಮತಟ್ಟಾಗಿ ಕತ್ತರಿಸಿಕೊಳ್ಳಬೇಕು, ಉರುಳುವ ತರಕಾರಿಯನ್ನು ಯಾರೂ ನಂಬಲಾಗದು. ಬೀಟ್‌ರೂಟು, ಗೆಣಸುಗಳಂಥ ಗಟ್ಟಿಯಾದವನ್ನು ಎರಡಾಗಿ ಸೀಳಿಕೊಂಡರೆ ಒತ್ತುವ ಶ್ರಮ ಕಡಮೆ.

ಸ್ಲೈಸರನ್ನು ಕೊಳ್ಳುವಾಗ ಅಲಗು ಹೇಗೆ ಕೂತಿದೆಯೆಂಬುದನ್ನು ಗಮನಿಸುವುದು ಒಳ್ಳೆಯದು. ಅಡ್ಡಲಾಗಿ ನೆಟ್ಟಗಿರುವ ಅಲಗಿಗೆ ತರಕಾರಿ ಏಕಕಾಲದಲ್ಲಿ ಪೂರ್ತಿ ಅಗಲಕ್ಕೂ ತಾಗುತ್ತದೆ, ಬಲ ಹೆಚ್ಚು ಬೇಕು. ಓರೆಯಾಗಿಯೋ, ಎರಡು ಅಲಗುಗಳು ನೇಗಿಲ ಗೆರೆಯ ಮೂಲೆಯಂತೆ ಕೂಡಿಯೋ ಇದ್ದರೆ ಅವು ತರಕಾರಿಯೊಳಕ್ಕೆ ಸ್ವಲ್ಪಸ್ವಲ್ಪವಾಗಿ ಹೊಗುತ್ತವೆ, ಕೈ ಹಗುರವಾಗಿ ಸಾಗುತ್ತದೆ. ಕೈ ಹಗುರವಾದಷ್ಟೂ ಜಾರುವ ಭಯ ಕಡಮೆ.

ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕಿಲ್ಲ

ಸ್ಲೈಸರಿನ ನಿಜವಾದ ಹೆಚ್ಚುಗಾರಿಕೆ ವೇಗವಲ್ಲ, ಸಮತೆ. ಚಾಕುವಿನಿಂದ ಹೆಚ್ಚಿದ ಬಿಲ್ಲೆಗಳಲ್ಲಿ ಒಂದು ದಪ್ಪ, ಒಂದು ತೆಳು. ಬಾಣಲೆಗೆ ಬಿದ್ದಾಗ ತೆಳುವಾದದ್ದು ಕರಿದು ಕಪ್ಪಾಗುವ ಹೊತ್ತಿಗೆ ದಪ್ಪವಾದದ್ದು ಇನ್ನೂ ಮೆತ್ತಗೆ. ಎಲ್ಲವೂ ಒಂದೇ ದಪ್ಪವಾಗಿದ್ದರೆ ಎಲ್ಲವೂ ಒಟ್ಟಿಗೆ ಗರಿಗರಿಯಾಗುತ್ತವೆ.

ಆಲೂಗೆಡ್ಡೆಯ ಬಿಲ್ಲೆಗಳನ್ನು ಹೆರೆದೊಡನೆ ತಣ್ಣೀರಿಗೆ ಹಾಕಬೇಕು. ಮೇಲಿನ ಹಿಟ್ಟಿನ ಅಂಶ ತೊಳೆದುಹೋಗಿ ಅವು ಒಂದಕ್ಕೊಂದು ಅಂಟುವುದಿಲ್ಲ. ಬಳಿಕ ಬಟ್ಟೆಯ ಮೇಲೆ ಹರಡಿ ನೀರು ಪೂರ್ತಿ ಆರಿದ ಮೇಲೆಯೇ ಎಣ್ಣೆಗೆ ಬಿಡಬೇಕು, ಇಲ್ಲವಾದರೆ ಎಣ್ಣೆ ಸಿಡಿಯುತ್ತದೆ. ಬಾಳೆಕಾಯಿಗೆ ಮೊದಲೇ ಕೈಗೂ ಅಲಗಿಗೂ ತುಸು ಎಣ್ಣೆ ಸವರಿಕೊಂಡರೆ ಸೊನೆ ಅಂಟದು. ಹೋಳುಗಳನ್ನು ಮಜ್ಜಿಗೆ ಬೆರೆಸಿದ ನೀರಿಗೆ ಹಾಕಿದರೆ ಬೇಗ ಕಪ್ಪಾಗುವುದಿಲ್ಲ. ಸುವರ್ಣಗೆಡ್ಡೆಗೂ ಕೈಗೆ ಎಣ್ಣೆ ಸವರಿಕೊಳ್ಳುವುದು ರೂಢಿ. ಅದರೊಳಗಿನ ಸೂಜಿಯಂತಹ ಸೂಕ್ಷ್ಮ ಹರಳುಗಳು ಚರ್ಮಕ್ಕೆ ಚುಚ್ಚುವುದರಿಂದಲೇ ತುರಿಕೆ ಹುಟ್ಟುವುದು. ಸೌತೆಕಾಯಿ, ಮೂಲಂಗಿ, ಹಾಗಲಕಾಯಿ, ಕ್ಯಾರೆಟ್ಟು, ಎಲೆಕೋಸು ಇವೆಲ್ಲವೂ ಸ್ಲೈಸರಿಗೆ ಒಗ್ಗುವಂಥವು.

ಬೆಂಡೆಕಾಯಿಯ ಲೋಳೆ ಅಲಗಿನ ಮೇಲೆ ಜಾರುತ್ತದೆ, ಅದನ್ನು ಚಾಕುವಿಗೇ ಬಿಡುವುದು ಮೇಲು. ಹಣ್ಣಾದ ಟೊಮೇಟೋ ಹಲ್ಲಿರುವ ಅಲಗಿಗೆ ಮಾತ್ರ ಸಲ್ಲುತ್ತದೆ, ಬೇರೆಯದಕ್ಕೆ ಸಿಕ್ಕರೆ ಹಿಸುಕಿಹೋಗುತ್ತದೆ. ಬೀನ್ಸು, ಸೊಪ್ಪುಗಳಿಗೆ ಈ ಸಾಧನದ ಅಗತ್ಯವೇ ಇಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನೇಂದ್ರಬಾಳೆಯ ಚಿಪ್ಸು ಮಾಡುವ ಅಂಗಡಿಗಳಲ್ಲಿ ಕುದಿಯುವ ಎಣ್ಣೆಯ ಕೊಪ್ಪರಿಗೆಯ ಮೇಲೆಯೇ ಸ್ಲೈಸರು ಹಿಡಿದು, ಬಿಲ್ಲೆಗಳು ನೇರವಾಗಿ ಎಣ್ಣೆಗೆ ಬೀಳುವಂತೆ ಹೆರೆಯುವುದನ್ನು ಅನೇಕರು ನೋಡಿರುತ್ತಾರೆ. ನೋಡುವುದಕ್ಕೆ ಅದು ಇಂದ್ರಜಾಲದಂತಿರುತ್ತದೆ. ದಿನವಿಡೀ ಅದೇ ಕಾಯಕ ಮಾಡುವ ಕೈಗೆ ಅದು ಒಲಿದಿರಬಹುದು. ಮನೆಯಲ್ಲಿ ಅದನ್ನು ಅನುಕರಿಸುವುದು ಸಾಹಸವಲ್ಲ, ಅವಿವೇಕ. ಮೇಲೆ ಅಲಗು, ಕೆಳಗೆ ಎಣ್ಣೆ, ನಡುವೆ ಏಳುವ ಬಿಸಿ ಆವಿ. ಬೆರಳಿಗೆ ಗೀರು ತಾಗಿ ಕೈ ಬೆಚ್ಚಿದರೆ ಸ್ಲೈಸರೇ ಬಾಣಲೆಗೆ ಬೀಳುತ್ತದೆ. ತಟ್ಟೆಗೆ ಹೆರೆದು, ಬಳಿಕ ಎಣ್ಣೆಗೆ ಬಿಡುವುದರಲ್ಲಿ ರುಚಿಗೇನೂ ಕೊರತೆಯಾಗದು.

ತೊಳೆಯುವವರು ಯಾರು?

ಹೆಚ್ಚುವುದು ಮುಗಿಯಿತು, ಸ್ಲೈಸರು ಮುಸುರೆ ಪಾತ್ರೆಗಳ ರಾಶಿಗೆ ಸೇರಿತು. ಎಷ್ಟೋ ಮನೆಗಳಲ್ಲಿ ನಡೆಯುವುದು ಹೀಗೆಯೇ. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯಲು ಬರುವಾಕೆ ನೊರೆ ತುಂಬಿದ ನೀರಿನೊಳಕ್ಕೆ ಕೈ ಹಾಕುತ್ತಾಳೆ. ತಟ್ಟೆ, ಲೋಟ, ಸೌಟುಗಳ ನಡುವೆ ಒಂದು ಹರಿತವಾದ ಅಲಗು ಅಡಗಿದೆಯೆಂಬುದು ಅವಳಿಗೆ ತಿಳಿಯದು. ಹೆರೆದವರು ಕಡೆಯಪಕ್ಷ ಅಲಗು ಎಲ್ಲಿದೆಯೆಂದು ಅರಿತು ಹೆರೆದರು. ಇವಳಿಗೆ ಆ ಅರಿವೂ ಇಲ್ಲ. ಬೆರಳು ಕುಯ್ದುಕೊಂಡರೆ ಅವಳು ನಷ್ಟಪಡುವುದು ಒಂದು ಮನೆಯ ಕೆಲಸವನ್ನಲ್ಲ. ಅಂದು ಹೋಗಬೇಕಾಗಿದ್ದ ಇನ್ನೂ ಮೂರು ನಾಲ್ಕು ಮನೆಗಳ ಕೆಲಸವೂ ತಪ್ಪಬಹುದು. ಗಾಯಗೊಂಡ ಕೈಯನ್ನು ಸೋಪಿನ ನೀರಿನಲ್ಲಿ ಅದ್ದಿಯೇ ದುಡಿಯಬೇಕಾದವಳಿಗೆ ಆ ಗಾಯ ಬೇಗ ಮಾಯುವುದೂ ಇಲ್ಲ.

ಆದುದರಿಂದ ಸ್ಲೈಸರನ್ನು ಬಳಸಿದವರೇ, ಬಳಸಿದ ಕೂಡಲೇ, ಬೇರೆಯಾಗಿ ತೊಳೆದಿಡಬೇಕು. ಇದು ಶುಚಿತ್ವದ ಮಾತಷ್ಟೇ ಅಲ್ಲ, ಮನೆಯ ಮರ್ಯಾದೆಯ ಮಾತು.

ತೊಳೆಯುವುದೂ ಕಷ್ಟವಲ್ಲ. ಹೆರೆದೊಡನೆ ನಲ್ಲಿಯ ನೀರು ಬಿಟ್ಟರೆ ಮುಕ್ಕಾಲು ಪಾಲು ಹೋಗಿಬಿಡುತ್ತದೆ. ಒಣಗಲು ಬಿಟ್ಟರೆ ಹಿಟ್ಟಿನ ಅಂಶ ಅಂಟಿನಂತೆ ಹಿಡಿಯುತ್ತದೆ. ಉಳಿದುದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಮೆಲ್ಲಗೆ ಉಜ್ಜಬೇಕು. ಬಟ್ಟೆಯನ್ನೋ ಬೆರಳನ್ನೋ ಬಾಯಿಯ ಉದ್ದಕ್ಕೂ ಎಳೆಯಬಾರದು. ಕಬ್ಬಿಣದ ನಾರು ಅಲಗನ್ನು ಮೊಂಡಾಗಿಸುತ್ತದೆ. ತೀರ ಕುದಿಯುವ ನೀರು ಪ್ಲಾಸ್ಟಿಕ್ಕಿನ ಚೌಕಟ್ಟನ್ನು ಸೊಟ್ಟಗಾಗಿಸುತ್ತದೆ, ಚೌಕಟ್ಟು ಸೊಟ್ಟಗಾದರೆ ಬಿಲ್ಲೆಗಳ ಸಮತೆ ಹೋಯಿತು. ಕ್ಯಾರೆಟ್ಟಿನ ಕೆಂಬಣ್ಣ ಪ್ಲಾಸ್ಟಿಕ್ಕಿಗೆ ಹಿಡಿದಿದ್ದರೆ ಮೊದಲು ಅಡಿಗೆಯ ಎಣ್ಣೆ ಸವರಿ ಒರಸಿ ಆಮೇಲೆ ಸೋಪು ಹಾಕಬೇಕು. ಆ ಬಣ್ಣ ನೀರಿಗೆ ಕರಗದು, ಎಣ್ಣೆಗೆ ಕರಗುತ್ತದೆ.

ತೊಳೆದ ಮೇಲೆ ನೀರು ಒರಸಿ, ಮುಚ್ಚಳ ಹಾಕಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡಬೇಕು. ಚಮಚಗಳ ಸೆಳೆಖಾನೆಯಲ್ಲಿ ಬರಿದಾದ ಅಲಗು ಇರಕೂಡದು.

ಅಲಗಿನ ಆಯುಸ್ಸು

ಹಳೆಯ ಕಬ್ಬಿಣದ ಈಳಿಗೆಯಿಂದ ಬಾಳೆಕಾಯಿ, ಬದನೆಕಾಯಿಗಳನ್ನು ಹೆಚ್ಚಿದರೆ ಹೋಳಿನ ಅಂಚೂ ಅಲಗೂ ಕಪ್ಪಾಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಕಾಯಿಯ ಒಗರಿನ ಅಂಶ ಕಬ್ಬಿಣದೊಡನೆ ಕೂಡಿ ಆ ಕಪ್ಪು ಬಣ್ಣ ಬರುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಉಕ್ಕಿಗೆ ಕ್ರೋಮಿಯಂ ಬೆರೆಸಿ, ತುಕ್ಕಿಗೆ ಸುಲಭವಾಗಿ ಸಿಕ್ಕದ ಲೋಹವೊಂದನ್ನು ತಯಾರಿಸಿದ. ಇಂದು ಮನೆಮನೆಯಲ್ಲಿರುವ ಸ್ಟೇನ್‌ಲೆಸ್ ಸ್ಟೀಲು ಅದೇ ಬಳಗದ್ದು. ಸ್ಲೈಸರುಗಳ ಅಲಗು ಬಹುಮಟ್ಟಿಗೆ ಇದರದೇ. ತುಕ್ಕು ಹಿಡಿಯುವುದು ಕಡಮೆಯೆಂದ ಮಾತ್ರಕ್ಕೆ ಅದು ಅಮರವಲ್ಲ. ಉಪ್ಪೂ ಹುಳಿಯೂ ರಾತ್ರಿಯೆಲ್ಲ ಅಂಟಿಕೊಂಡಿದ್ದರೆ ಅದರ ಮೇಲೂ ಸಣ್ಣ ಸಣ್ಣ ಚುಕ್ಕೆಗಳು ಬೀಳುತ್ತವೆ. ಪಿಂಗಾಣಿಯ ಜಾತಿಗೆ ಸೇರಿದ ಬಿಳಿಯ ಅಲಗುಗಳೂ ಈಗ ಬಂದಿವೆ. ಅವು ತುಕ್ಕನ್ನೇ ಅರಿಯವು, ಬಹುಕಾಲ ಹರಿತವಾಗಿರುತ್ತವೆ, ಆದರೆ ನೆಲಕ್ಕೆ ಬಿದ್ದರೆ ಚೂರಾಗಬಹುದು.

ಮೊಂಡು ಅಲಗಿನಿಂದ ಭಯವಿಲ್ಲವೆಂಬುದು ಜನರಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ನಿಜ ಇದಕ್ಕೆ ವಿರುದ್ಧ. ಹರಿತವಾದ ಅಲಗಿನ ಮೇಲೆ ತರಕಾರಿ ತನ್ನ ಭಾರಕ್ಕೇ ಎಂಬಂತೆ ಸಾಗುತ್ತದೆ. ಮೊಂಡಾದಾಗ ಒತ್ತಬೇಕು. ಒತ್ತಿದ ತರಕಾರಿ ಒಮ್ಮೆ ತಡೆದು, ಒಮ್ಮೆಲೇ ಜಾರುತ್ತದೆ. ಹಾಗೆ ಜಾರಿದಾಗ ಕೈಯಲ್ಲಿದ್ದ ಬಲವೆಲ್ಲ ಬೆರಳಿನ ಹಿಂದೆ ನಿಂತು ಅದನ್ನು ಅಲಗಿನ ಮೇಲೆ ನೂಕುತ್ತದೆ. ಸೌತೆಕಾಯಿಯ ಬಿಲ್ಲೆ ಅಂಚು ಹರಿಯದೆ ಬೀಳುತ್ತಿದ್ದರೆ ಅಲಗು ಸರಿಯಾಗಿದೆ. ಅಂಚು ಹರಿದು, ಬಿಲ್ಲೆ ಒಂದು ಕಡೆ ದಪ್ಪ ಒಂದು ಕಡೆ ತೆಳುವಾಗತೊಡಗಿದರೆ ಅದರ ಕಾಲ ಮುಗಿಯಿತೆಂದು ತಿಳಿಯಬೇಕು.

ಬೀದಿಯಲ್ಲಿ ಬರುವ ಸಾಣೆಯವನು ಈಳಿಗೆಗೂ ಚಾಕುವಿಗೂ ಬಾಯಿ ಕೊಟ್ಟಾನು. ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಈ ತೆಳು ಅಲಗು ಅವನ ಚಕ್ರಕ್ಕೆ ಸಿಕ್ಕದು. ಅಲಗನ್ನು ಮಾತ್ರ ಬದಲಾಯಿಸಲು ಬರುವಂಥ ಸ್ಲೈಸರನ್ನು ಆರಿಸಿಕೊಂಡರೆ ಸಾಧನವನ್ನೇ ಎಸೆಯಬೇಕಾಗುವುದಿಲ್ಲ. ಹಳೆಯ ಅಲಗನ್ನು ಎಸೆಯುವಾಗಲೂ ಒಂದು ಕರ್ತವ್ಯ ಉಳಿದಿದೆ. ದಪ್ಪ ರಟ್ಟಿನಲ್ಲಿ ಸುತ್ತಿ, ಅಂಟುಪಟ್ಟಿ ಹಾಕಿ, ಒಳಗೆ ಅಲಗಿದೆಯೆಂದು ಮೇಲೆ ಬರೆದು, ಕಸದವರ ಕೈಗೆ ಬೇರೆಯಾಗಿ ಕೊಡಬೇಕು. ಪೌರಕಾರ್ಮಿಕರ ಬೆರಳೂ ಬೆರಳೇ.

ಕುಯ್ದುಕೊಂಡರೆ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ತಪ್ಪುವುದುಂಟು. ಆಗ ಅಡಿಗೆಮನೆಯ ಡಬ್ಬಿಗಳತ್ತ ಓಡಬಾರದು. ಕಾಫಿಪುಡಿ, ಅರಿಶಿನ, ಸುಣ್ಣ ಇವಾವುವೂ ತೆರೆದ ಗಾಯಕ್ಕೆ ಸಲ್ಲವು. ಅವು ಗಾಯದೊಳಗೆ ಕಸವಾಗಿ ಉಳಿಯುತ್ತವೆ, ವೈದ್ಯರು ಅದನ್ನು ಮತ್ತೆ ತೊಳೆದು ತೆಗೆಯಬೇಕಾಗುತ್ತದೆ. ಹರಿಯುವ ಶುದ್ಧ ನೀರಿನಲ್ಲಿ ಗಾಯವನ್ನು ತೊಳೆದು, ಮಡಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಹಿಡಿದು ಕುಳಿತುಕೊಳ್ಳಬೇಕು. ಪೂರ್ತಿ 10 ನಿಮಿಷ ಬಟ್ಟೆ ಎತ್ತಿ ನೋಡಬಾರದು. ನೋಡಿದಷ್ಟೂ ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಹರಿಯುತ್ತದೆ.

ಅಷ್ಟು ಹೊತ್ತು ಒತ್ತಿದರೂ ರಕ್ತ ನಿಲ್ಲದಿದ್ದರೆ, ಬೆರಳ ತುದಿ ಜೋಮು ಹಿಡಿದಂತಿದ್ದರೆ, ಬೆರಳನ್ನು ಮಡಿಸಲು ಬಾರದಿದ್ದರೆ, ಗಾಯ ಬಾಯಿಬಿಟ್ಟಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ರಕ್ತ ತೆಳುವಾಗಿಸುವ ಔಷಧ ಸೇವಿಸುವ ಹಿರಿಯರಂತೂ ಸಣ್ಣ ಗಾಯವೆಂದು ಉದಾಸೀನ ಮಾಡಬಾರದು. ಬೆರಳ ತುದಿಯ ಚೂರೇ ಬೇರೆಯಾಗಿದ್ದರೆ ಅದನ್ನು ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಜೊತೆಗೊಯ್ಯಬೇಕು. ಮಂಜುಗಡ್ಡೆ ನೇರವಾಗಿ ಚೂರಿಗೆ ತಾಗಬಾರದು. ಧನುರ್ವಾಯುವಿನ ಚುಚ್ಚುಮದ್ದು ಕೊನೆಯ ಸಲ ಯಾವಾಗ ಆಯಿತೆಂಬುದನ್ನು ವೈದ್ಯರಿಗೆ ತಿಳಿಸುವುದೂ ಅಗತ್ಯ.

ನವಮಿಯ ದಿನ

ವರ್ಷಕ್ಕೊಮ್ಮೆ ಮಹಾನವಮಿಯ ಆಯುಧಪೂಜೆಯ ದಿನ ಈಳಿಗೆ, ಚಾಕು, ಕತ್ತರಿಗಳನ್ನು ತೊಳೆದು ಕುಂಕುಮವಿಟ್ಟು ಪೂಜಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಅನ್ನ ಕೊಡುವ ಸಾಧನಕ್ಕೆ ಸಲ್ಲಿಸುವ ಗೌರವ ಅದು. ಆ ಸಾಲಿನಲ್ಲಿ ಸ್ಲೈಸರಿಗೂ ಒಂದು ಸ್ಥಾನ ಸಲ್ಲಬೇಕು. ಕುಂಕುಮವಿಡುವ ಮುಂಚೆ ಅದನ್ನು ಕೈಗೆತ್ತಿಕೊಂಡು ಅಲಗು ಮೊಂಡಾಗಿದೆಯೆ, ತಿರುಪು ಸಡಿಲವಾಗಿದೆಯೆ, ಚೌಕಟ್ಟು ಸೀಳಿದೆಯೆ ಎಂದು ನೋಡುವುದು ಒಂದು ಒಳ್ಳೆಯ ಪದ್ಧತಿಯಾದೀತು. ಸೆಳೆಖಾನೆಯ ತಳದಲ್ಲಿ ಮರೆತುಹೋದ ಆ ಮುಳ್ಳಿನ ಹಿಡಿಕೆಯನ್ನೂ ಅಂದೇ ಹುಡುಕಿ ತೆಗೆದು ಪಕ್ಕದಲ್ಲಿಡಬಹುದು.

ಆ ಸಂಜೆಯ ಮೊಮ್ಮಗನ ಬೆರಳಿಗೆ ಹೊಲಿಗೆ ಬಿದ್ದು ಗಾಯ ಮಾಯಬಹುದು. ಮುಂದಿನ ಹಬ್ಬಕ್ಕೆ ಅವನು ಮತ್ತೆ ಸ್ಲೈಸರು ಹಿಡಿದರೆ ಬೇಡವೆನ್ನಬೇಕಾಗಿಲ್ಲ. ಕೆಲಸ ಕಲಿತ ಕೈಯೇ ಅದು. ಗೆಡ್ಡೆ ಹೆಬ್ಬೆರಳ ಗೆಣ್ಣಿನಷ್ಟಾದೊಡನೆ ಅದನ್ನು ಪಕ್ಕದ ಬಟ್ಟಲಿಗೆ ಹಾಕಿ, “ಅಜ್ಜೀ, ಇದು ಹುಳಿಗೆ” ಎಂದರೆ ಸಾಕು.